ಯುಎಸ್‌ಬಿ ಕೇಬಲ್ ಉದ್ದ ಮಾಡುವುದು, ಅದೂ ಕಡಿಮೆ ಖರ್ಚಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಿಂಟರ್ ಅಡುಗೆಮನೆಯಲ್ಲಿ, ಕಂಪ್ಯೂಟರ್ ಕ್ಯಾಶ್ ಕೌಂಟರ್‌ನಲ್ಲಿ. ಡಾಂಗಲ್ ಹಂಚಿನ ಮೇಲೆ, ಲ್ಯಾಪ್‌ಟಾಪ್ ಜಗಲಿಯಲ್ಲಿ. ನಡುವೆ ಹತ್ತಿಪ್ಪತ್ತು ಮೀಟರ್, ಜೇಬಿನಲ್ಲಿ ಐನೂರೋ ಸಾವಿರವೋ ರೂಪಾಯಿ. ಮಾತಿನಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ‘ಯಾವ ಕೇಬಲ್ ತರಲಿ?’ ಅಂತ ಎಲ್ಲರೂ ಶುರು ಮಾಡುತ್ತಾರೆ. ಆ ತುದಿಯಲ್ಲಿ ಏನಿದೆ ಅಂತ ನಾನು ತಿರುಗಿ ಕೇಳುತ್ತೇನೆ. ಅದಕ್ಕೆ ಉತ್ತರ ಸಿಕ್ಕ ಮೇಲೆ ಎಷ್ಟೋ ಸಲ ಯುಎಸ್‌ಬಿ ಕೇಬಲ್ ತರುವ ಅಗತ್ಯವೇ ಬೀಳುವುದಿಲ್ಲ.

## ಮೊದಲು ಇಷ್ಟು

5 ಮೀಟರ್ ದಾಟಬಾರದು ಅಂತಾರೆ. ಕರೆಂಟ್ ವೈರ್ ಎಷ್ಟು ದೂರ ಬೇಕಾದ್ರೂ ಎಳೀತೀವಿ, ಇದಕ್ಕೆ ಮಾತ್ರ ಯಾಕೆ ಈ ಲೆಕ್ಕ?

ಯುಎಸ್‌ಬಿಯಲ್ಲಿ ಕಂಪ್ಯೂಟರ್ ಪ್ರಶ್ನೆ ಕೇಳುತ್ತದೆ, ಆ ತುದಿಯ ಸಾಧನ ಇಂತಿಷ್ಟು ಸಮಯದೊಳಗೆ ಉತ್ತರ ಕೊಡಬೇಕು. ತಡವಾದರೆ ಕಂಪ್ಯೂಟರ್ ಕಾಯುವುದಿಲ್ಲ. ಹಾಗಾಗಿ ಒಂದು ಕೇಬಲ್ ಹೆಚ್ಚೆಂದರೆ 26 ನ್ಯಾನೋಸೆಕೆಂಡ್ ತಿನ್ನಬಹುದು ಅಂತ ಯುಎಸ್‌ಬಿ 2.0 ನಿಯಮ ಹೇಳುತ್ತದೆ. ಒಂದು ಮೀಟರ್‌ಗೆ 5.2 ನ್ಯಾನೋಸೆಕೆಂಡ್ ಹಿಡಿದರೆ 5 ಮೀಟರ್ ಆಯಿತು. ಇದರ ಜೊತೆಗೆ ಉದ್ದ ಹೆಚ್ಚಿದಂತೆ ಸಿಗ್ನಲ್ ಸೊರಗುತ್ತದೆ, ವೋಲ್ಟೇಜ್ ಇಳಿಯುತ್ತದೆ. ಯುಎಸ್‌ಬಿ 3.0 ಇನ್ನೂ ಬಿಗಿ. ಸೆಕೆಂಡಿಗೆ 5 ಗಿಗಾಬಿಟ್ ಓಡಬೇಕಾದ ತಾಮ್ರದ ಕೇಬಲ್‌ಗೆ 3 ಮೀಟರ್ ದಾಟುವುದೇ ಕಷ್ಟ.

ನಮ್ಮಲ್ಲಿ 8 ಮೀಟರ್ ಹಾಕಿದ್ದೀವಿ, ಆರಾಮಾಗಿ ಓಡ್ತಿದೆಯಲ್ಲ?

ಓಡುತ್ತದೆ. 26 ನ್ಯಾನೋಸೆಕೆಂಡ್ ಲೆಕ್ಕ ಹಾಕಿದ್ದು ನಡುವೆ 5 ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ), 6 ಕೇಬಲ್ ಇರುವ ಕಷ್ಟದ ಸಂದರ್ಭಕ್ಕೆ. ನೀವು ಹಬ್ ಇಲ್ಲದೆ ನೇರ ಕಂಪ್ಯೂಟರಿಗೆ ಚುಚ್ಚಿದ್ದರೆ ಸಮಯದ ಲೆಕ್ಕದಲ್ಲಿ ಬೇಕಾದಷ್ಟು ಜಾಗ ಉಳಿದಿರುತ್ತದೆ. ಆಮೇಲೆ ಉಳಿಯುವುದು ಸಿಗ್ನಲ್ ಎಷ್ಟು ಗಟ್ಟಿ ಅನ್ನುವುದು. ಅದು ಸಾಧನದ ವೇಗದ ಮೇಲೆ ಹೋಗುತ್ತದೆ. ಮೌಸ್, ಕೀಬೋರ್ಡ್ ಹೆಚ್ಚಾಗಿ 1.5 ಮೆಗಾಬಿಟ್. ಬಾರ್‌ಕೋಡ್ ಸ್ಕ್ಯಾನರ್, ಸೀರಿಯಲ್ ಅಡಾಪ್ಟರ್ ಥರದವು ಸಾಮಾನ್ಯವಾಗಿ 12 ಮೆಗಾಬಿಟ್. ವೆಬ್‌ಕ್ಯಾಮ್, ಪೆನ್‌ಡ್ರೈವ್, 4ಜಿ ಡಾಂಗಲ್ 480 ಮೆಗಾಬಿಟ್. ಮೊದಲಿನ ಎರಡು ಗುಂಪು ಉದ್ದ ಕೇಬಲ್‌ನಲ್ಲೂ ಸಹಿಸಿಕೊಂಡು ಹೋಗುತ್ತವೆ, ಮೂರನೆಯದು ಸಹಿಸುವುದಿಲ್ಲ. ನಿಮ್ಮ ಸಾಧನ ಯಾವ ಗುಂಪು ಅಂತ ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ -ಟಿ’ (lsusb -t) ಕಮಾಂಡ್ ಕೊಟ್ಟರೆ ಸಾಲಿನ ಕೊನೆಯಲ್ಲೇ ಕಾಣುತ್ತದೆ.

ಮೂರು ಎಕ್ಸ್‌ಟೆನ್ಷನ್ ಕೇಬಲ್ ಒಂದಕ್ಕೊಂದು ಸೇರಿಸಿದ್ರೆ ಆಗಲ್ವಾ?

ಮೌಸ್‌ಗೆ ಆದರೂ ಆಗಬಹುದು. ಬೇರೆಯದಕ್ಕೆ ಬೇಡ. ಪ್ರತಿ ಜೋಡಣೆಯಲ್ಲೂ ಸಿಗ್ನಲ್ ಸ್ವಲ್ಪ ವಾಪಸ್ ಪುಟಿಯುತ್ತದೆ, ಪಿನ್ನಿನ ಸಂಪರ್ಕದಲ್ಲಿ ವೋಲ್ಟೇಜ್ ಸ್ವಲ್ಪ ಸೋರುತ್ತದೆ. ಅದೇ ಉದ್ದದ ಒಂದೇ ಕೇಬಲ್ ಯಾವಾಗಲೂ ವಾಸಿ.

ನನಗೆ ಡೇಟಾ ಗೀಟಾ ಏನೂ ಬೇಡ ಸಾರ್. ಹಾಸಿಗೆ ಹತ್ರ ಮೊಬೈಲ್ ಚಾರ್ಜ್ ಆದ್ರೆ ಸಾಕು.

ಹಾಗಾದರೆ 230 ವೋಲ್ಟ್ ಕಡೆ ಉದ್ದ ಮಾಡಿ. ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಚಾರ್ಜರನ್ನೇ ಹಾಸಿಗೆ ಪಕ್ಕಕ್ಕೆ ತನ್ನಿ. 5 ವೋಲ್ಟನ್ನು ಹತ್ತು ಮೀಟರ್ ಎಳೆದರೆ ಅರ್ಧ ದಾರಿಯಲ್ಲೇ ಸೋರಿ ಹೋಗುತ್ತದೆ. ಇನ್ನೊಂದು ವಿಷಯ: ಟೈಪ್-ಸಿಗೆ ಹೆಣ್ಣು-ಗಂಡು ಎಕ್ಸ್‌ಟೆನ್ಷನ್ ಕೇಬಲ್ ಎಂಬುದು ನಿಯಮದಲ್ಲೇ ಇಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಅದು ಬೇರೆ ಮಾತು. ಲ್ಯಾಪ್‌ಟಾಪ್ ಚಾರ್ಜರ್ ಜೊತೆ ಮಾತ್ರ ಅದನ್ನು ಬಳಸಬೇಡಿ. ನಡುವೆ ಎಂಥ ಕೇಬಲ್ ಸೇರಿಕೊಂಡಿದೆ ಅಂತ ಚಾರ್ಜರಿಗೆ ಗೊತ್ತಾಗುವುದಿಲ್ಲ, 5 ಆಂಪಿಯರ್ ಕೊಟ್ಟೇ ಬಿಡಬಹುದು.

## ಅಂಗಡಿಗೆ ಹೋದಾಗ

ನೋಡೋಕೆ ಎರಡೂ ಒಂದೇ ಥರ ಕಪ್ಪು ಕೇಬಲ್. ಒಂದಕ್ಕೆ ಇನ್ನೊಂದರ ಎರಡರಷ್ಟು ರೇಟ್. ಅಂಗಡಿಯವರು ಸುಮ್ನೆ ಹೇಳ್ತಾರಾ?

ಒಮ್ಮೊಮ್ಮೆ ಸುಮ್ನೆ, ಒಮ್ಮೊಮ್ಮೆ ಅಲ್ಲ. ಕೇಬಲ್ ಮೈಮೇಲೆ ಸಣ್ಣ ಅಕ್ಷರ ಇರುತ್ತದೆ, ಬೆಳಕಿಗೆ ಹಿಡಿದು ಓದಿ. ‘28ಎಡಬ್ಲ್ಯುಜಿ/1ಪಿ + 24ಎಡಬ್ಲ್ಯುಜಿ/2ಸಿ’ ಅಂತಿದ್ದರೆ ಡೇಟಾದ ಒಂದು ಜೋಡಿ 28 ಗೇಜ್, ಪವರ್‌ನ ಎರಡು ತಂತಿ 24 ಗೇಜ್ ಎಂದರ್ಥ. ಗೇಜ್ ಸಂಖ್ಯೆ ಸಣ್ಣದಾದಷ್ಟೂ ತಂತಿ ದಪ್ಪ. ಬರೀ 28 ಅಂತಿದ್ದರೆ ಪವರ್ ತಂತಿಯೂ ಸಣಕಲು.

ಲೆಕ್ಕ ಹಾಕಿಯೇ ನೋಡೋಣ. 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. 5 ಮೀಟರ್ ಕೇಬಲ್ ಅಂದರೆ ಹೋಗಿ ಬರಲು 10 ಮೀಟರ್, 2.1 ಓಮ್. 500 ಮಿಲಿಆಂಪ್ ಎಳೆದರೆ 1 ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಯಿತು. ಆ ತುದಿಗೆ ತಲುಪಿದ್ದು 4 ವೋಲ್ಟಿಗೂ ಕಡಿಮೆ. ಅದೇ 24 ಗೇಜ್ ಆದರೆ ಹೋಗುವುದು 0.42 ವೋಲ್ಟ್ ಮಾತ್ರ. ಡಾಂಗಲ್ ಒಂದರಲ್ಲಿ ಓಡಿ ಇನ್ನೊಂದರಲ್ಲಿ ಸತ್ತು ಸತ್ತು ಹುಟ್ಟುವುದು ಇದೇ ಕಾರಣಕ್ಕೆ.

ಅಗ್ಗದ ಕೇಬಲ್‌ನಲ್ಲಿ ಇನ್ನೊಂದು ಮೋಸ ಇದೆ: ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಇದಕ್ಕೆ ಸಿಸಿಎ ಅನ್ನುತ್ತಾರೆ. ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ನೆಟ್‌ವರ್ಕ್ ಕೇಬಲ್‌ನಲ್ಲಿ ಪತ್ತೆ ಹಚ್ಚುವುದು ಸುಲಭ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಕೆರೆದು ನೋಡುತ್ತೇನೆ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಪಕ್ಕದ ಅಂಗಡಿಗೆ ಹೋಗಿ.

ಆಕ್ಟಿವ್ ಕೇಬಲ್, ರಿಪೀಟರ್ ಕೇಬಲ್ ಅಂತಾರಲ್ಲ, ಅದರಲ್ಲಿ ಏನು ವಿಶೇಷ?

ಹೆಣ್ಣು ತುದಿಯ ದಪ್ಪ ಪ್ಲಾಸ್ಟಿಕ್ ಒಳಗೆ ಒಂದು ಪುಟ್ಟ ಚಿಪ್ ಇದೆ, ಅಷ್ಟೇ. ಹೆಚ್ಚಿನವುಗಳಲ್ಲಿ ಅದು ಮಾಮೂಲಿ ಹಬ್‌ನದೇ ಚಿಪ್, ನಾಲ್ಕರಲ್ಲಿ ಒಂದೇ ಪೋರ್ಟ್ ಹೊರಗೆ ತಂದಿರುತ್ತಾರೆ. ಬಂದ ಸಿಗ್ನಲನ್ನು ಹೊಸದಾಗಿ ಬರೆದು ಮುಂದಕ್ಕೆ ಕಳಿಸುತ್ತದೆ. 480 ಮೆಗಾಬಿಟ್ ಸಾಧನಕ್ಕೆ 10 ಮೀಟರ್ ಬೇಕು, ಜಾಸ್ತಿ ತಲೆಬಿಸಿ ಬೇಡ ಅನ್ನುವವರು ಇದನ್ನೇ ತಗೊಳ್ಳಿ. ಖರ್ಚು ಮಾಡಿದ್ದಕ್ಕೆ ಮೋಸವಿಲ್ಲ.

ಚೈನ್ ಮಾಡುವುದಕ್ಕೆ ಮಿತಿ ಇದೆ. ಒಟ್ಟು 5 ಹಬ್ ಮೇಲೆ ಹೋಗುವಂತಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಳಗೇ ಒಂದು ಹಬ್ ಇರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಇಷ್ಟಾಗಿ ಚಿಪ್ ಸಿಗ್ನಲ್ ಸರಿ ಮಾಡುತ್ತದೆಯೇ ಹೊರತು ಇಳಿದ ವೋಲ್ಟೇಜ್ ಏರಿಸುವುದಿಲ್ಲ. ಅದಕ್ಕೇ ಕೆಲವು ಕೇಬಲ್‌ಗಳ ಆ ತುದಿಯಲ್ಲಿ ಅಡಾಪ್ಟರ್ ಚುಚ್ಚಲು ಸಣ್ಣ ಕಿಂಡಿ ಇರುತ್ತದೆ. ಅಂಥದ್ದು ಸಿಕ್ಕರೆ ಐವತ್ತು-ನೂರು ಜಾಸ್ತಿ ಕೊಟ್ಟಾದರೂ ತನ್ನಿ.

ಹಳೇ ಹಬ್ ಒಂದು ಬಿದ್ದಿದೆ. ಅದನ್ನ ಮಧ್ಯ ಹಾಕಿದ್ರೆ ಅದೇ ಕೆಲಸ ಆಗುತ್ತಾ?

ಆಗುತ್ತದೆ. 5 ಮೀಟರ್ ಕೇಬಲ್, ಹಬ್, ಮತ್ತೆ 5 ಮೀಟರ್ ಕೇಬಲ್. ಇದು ನಿಯಮದ ಒಳಗೇ ಇರುವ ವಿಧಾನ. ಅಡಾಪ್ಟರ್ ಇರುವ ಹಬ್ ಆದರೆ ಪವರ್ ಚಿಂತೆಯೂ ತಪ್ಪಿತು. ಅಡಾಪ್ಟರ್ ಇಲ್ಲದ ಹಬ್‌ಗೆ ಒಂದು ಪೋರ್ಟಿಗೆ 100 ಮಿಲಿಆಂಪ್ ಅಂತ ಲೆಕ್ಕ.

ಒಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಹಬ್‌ನ ಅಡಾಪ್ಟರ್ ಮಾತ್ರ ಆನ್ ಇಡಿ. ಕಂಪ್ಯೂಟರಿನ ಯಾವುದಾದರೂ ದೀಪ ಮಂಕಾಗಿ ಉರಿದರೆ, ಫ್ಯಾನ್ ಅಲುಗಾಡಿದರೆ, ಹಬ್ 5 ವೋಲ್ಟನ್ನು ಹಿಂದಕ್ಕೆ ತಳ್ಳುತ್ತಿದೆ. ಆ ಹಬ್ ಬೇಡ.

ಆನ್‌ಲೈನಲ್ಲಿ ಯುಎಸ್‌ಬಿ-ಆರ್‌ಜೆ45 ಜೋಡಿ ಚೀಪಾಗಿ ಸಿಗ್ತಿದೆ. ‘50 ಮೀಟರ್’ ಅಂತ ಬರೆದಿದ್ದಾರೆ. ನಂಬಬಹುದಾ?

ಅರ್ಧ ನಂಬಿ. ಎರಡು ಡಬ್ಬಿ, ನಡುವೆ ನಿಮ್ಮ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್. ಇವುಗಳಲ್ಲಿ ಹೆಚ್ಚಿನವು 12 ಮೆಗಾಬಿಟ್ ವೇಗಕ್ಕೆ ಮಾತ್ರ. ಕೀಬೋರ್ಡ್, ಮೌಸ್, ಬಾರ್‌ಕೋಡ್ ಸ್ಕ್ಯಾನರ್, ಸ್ವಂತ ಅಡಾಪ್ಟರ್ ಇರುವ ಪ್ರಿಂಟರ್‌ಗೆ ಪರವಾಗಿಲ್ಲ. ವೆಬ್‌ಕ್ಯಾಮ್‌ಗೆ ತಂದರೆ ದುಡ್ಡು ದಂಡ. ಒಳಗೆ ಚಿಪ್ಪೇ ಇಲ್ಲದ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಅವು ಬರೀ ಕನೆಕ್ಟರ್ ಬದಲಾಯಿಸುತ್ತವೆ, ಉದ್ದಕ್ಕೆ ಯಾವ ಸಹಾಯವೂ ಇಲ್ಲ. 480 ಮೆಗಾಬಿಟ್ ಅನ್ನು 100 ಮೀಟರ್ ಒಯ್ಯುವ ನಿಜವಾದ ಎಕ್ಸ್‌ಟೆಂಡರ್‌ಗಳೂ ಇವೆ, ಆದರೆ ಅವುಗಳ ಬೆಲೆ ನಮ್ಮ ಬಜೆಟ್ಟಿನ ಮಾತಲ್ಲ.

ಇವುಗಳ ಆರ್‌ಜೆ45 ತುದಿಯನ್ನು ತಪ್ಪಿಯೂ ನೆಟ್‌ವರ್ಕ್ ಸ್ವಿಚ್‌ಗೆ ಚುಚ್ಚಬೇಡಿ. ಕನೆಕ್ಟರ್ ಒಂದೇ ಥರ ಇದ್ದರೂ ಒಳಗೆ ಓಡುವುದು ಈಥರ್‌ನೆಟ್ ಅಲ್ಲ.

ಬೆಸುಗೆ ಹಾಕೋಕೆ ಬರುತ್ತೆ. ಕ್ಯಾಟ್5 ವೈರ್‌ನಲ್ಲಿ ನಾನೇ ಮಾಡಿಕೊಳ್ಳಲಾ?

ಮಾಡಿಕೊಳ್ಳಿ. 12 ಮೆಗಾಬಿಟ್‌ವರೆಗಿನ ಸಾಧನಕ್ಕೆ, 10 ಮೀಟರ್ ಆಸುಪಾಸಿಗೆ ಇದು ನನಗೆ ಇಷ್ಟವಾದ ದಾರಿ. ಯುಎಸ್‌ಬಿಗೆ ಬೇಕಾದ್ದು 90 ಓಮ್ ಇಂಪಿಡೆನ್ಸ್ (ಓಡುವ ಸಿಗ್ನಲ್‌ಗೆ ತಂತಿ ಜೋಡಿ ತೋರುವ ತಡೆ)‌ನ ಜೋಡಿ, ಕ್ಯಾಟ್5ಇಯಲ್ಲಿ ಇರುವುದು 100 ಓಮ್. ಇಷ್ಟು ವ್ಯತ್ಯಾಸ ಈ ವೇಗಕ್ಕೆ ತೊಂದರೆ ಮಾಡುವುದಿಲ್ಲ.

ಒಂದು ಹಳೇ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲನ್ನು ಮಧ್ಯಕ್ಕೆ ಕತ್ತರಿಸಿ. ಒಳಗೆ ನಾಲ್ಕು ತಂತಿ: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಡಿ ಪ್ಲಸ್, ಬಿಳಿ ಡಿ ಮೈನಸ್. ಅಗ್ಗದ ಕೇಬಲ್‌ನಲ್ಲಿ ಬಣ್ಣ ನಂಬಬೇಡಿ, ಮಲ್ಟಿಮೀಟರ್‌ನಲ್ಲಿ ಬೀಪ್ ಹಾಕಿ ಪಿನ್ ನೋಡಿಕೊಳ್ಳಿ. ಡಿ ಪ್ಲಸ್, ಡಿ ಮೈನಸ್ ಎರಡೂ ಕ್ಯಾಟ್5ಇಯ ಒಂದೇ ಜೋಡಿಯಲ್ಲಿ ಹೋಗಬೇಕು. ಕಿತ್ತಳೆ, ಬಿಳಿ-ಕಿತ್ತಳೆ ಅಂತಿಟ್ಟುಕೊಳ್ಳಿ. ಬೇರೆ ಬೇರೆ ಜೋಡಿಯಿಂದ ಒಂದೊಂದು ತೆಗೆದುಕೊಂಡರೆ ಸುತ್ತಿದ ತಂತಿಯ ಪ್ರಯೋಜನವೇ ಹೋಯಿತು. ಉಳಿದ ಆರು ತಂತಿಯಲ್ಲಿ ಮೂರನ್ನು ಸೇರಿಸಿ 5 ವೋಲ್ಟಿಗೆ, ಮೂರನ್ನು ಸೇರಿಸಿ ಗ್ರೌಂಡಿಗೆ. ತಾಮ್ರದ 24 ಗೇಜ್ ಆದರೆ 10 ಮೀಟರ್‌ನಲ್ಲಿ 500 ಮಿಲಿಆಂಪ್‌ಗೆ 0.3 ವೋಲ್ಟಿನೊಳಗೇ ನಷ್ಟ. ಅಂಗಡಿಯ ಎಷ್ಟೋ ಕೇಬಲ್‌ಗಿಂತ ಇದು ವಾಸಿ.

ಬೆಸುಗೆ ಹಾಕುವಲ್ಲಿ ಜೋಡಿಯನ್ನು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಿಚ್ಚಬೇಡಿ. ಹೀಟ್‌ಶ್ರಿಂಕ್ ತೋಳನ್ನು ಬೆಸುಗೆಗೆ ಮೊದಲೇ ತಂತಿಗೆ ಏರಿಸಿಟ್ಟುಕೊಳ್ಳಿ. ಕಂಪ್ಯೂಟರಿಗೆ ಚುಚ್ಚುವ ಮೊದಲು ಕೆಂಪು-ಕಪ್ಪಿನ ನಡುವೆ ಶಾರ್ಟ್ ಇಲ್ಲ ಅಂತ ನೋಡಿ, ಮೊದಲ ಸಲ ಹಳೇ ಮೊಬೈಲ್ ಚಾರ್ಜರಿಗೆ ಹಾಕಿ ಆ ತುದಿಯ ವೋಲ್ಟೇಜ್ ಅಳೆಯಿರಿ.

## ನಮ್ಮ ಜಾಗಕ್ಕೆ ಯಾವುದು?

ದರ್ಶಿನಿ ನಡೆಸ್ತೀವಿ. ಕೌಂಟರ್‌ನಿಂದ ಅಡುಗೆಮನೆಗೆ 12 ಮೀಟರ್. ಆರ್ಡರ್ ಚೀಟಿ (ಕೆಒಟಿ) ಪ್ರಿಂಟರ್ ಅಲ್ಲಿಡಬೇಕು.

ಪ್ರಿಂಟರ್ ಇನ್ನೂ ಕೊಂಡಿಲ್ಲವಾದರೆ ಲ್ಯಾನ್ ಪೋರ್ಟ್ ಇರುವುದನ್ನೇ ಕೊಳ್ಳಿ. ಥರ್ಮಲ್ ಪ್ರಿಂಟರ್‌ಗಳಲ್ಲಿ ಅದೇ ಮಾಡೆಲ್ ಎರಡೂ ಥರ ಸಿಗುತ್ತದೆ. ಕ್ಯಾಟ್5ಇ 100 ಮೀಟರ್‌ವರೆಗೆ ಯಾವ ತಕರಾರಿಲ್ಲದೆ ಹೋಗುತ್ತದೆ. ಪ್ರಿಂಟರಿಗೆ ಒಂದು ಸ್ಥಿರ ಐಪಿ ಕೊಟ್ಟು, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಐಪಿ, ಪೋರ್ಟ್ 9100 ಅಂತ ಹಾಕಿದರೆ ಮುಗಿಯಿತು. ನಾಳೆ ಟ್ಯಾಬ್‌ನಿಂದ ಆರ್ಡರ್ ತಗೊಳ್ಳುವ ಯೋಚನೆ ಬಂದರೂ ಅದೇ ಪ್ರಿಂಟರ್ ಸಾಕು.

ಯುಎಸ್‌ಬಿ ಪ್ರಿಂಟರ್ ಈಗಾಗಲೇ ಇದೆ ಅಂದರೆ ಆಕ್ಟಿವ್ ಕೇಬಲ್ ಹಾಕಿ. ಪ್ರಿಂಟರಿಗೆ ಸ್ವಂತ ಅಡಾಪ್ಟರ್ ಇರುವುದರಿಂದ ಪವರ್ ತಲೆನೋವಿಲ್ಲ. ಚಿಪ್ ಇರುವ ತುದಿಯನ್ನು ದೋಸೆ ಹೆಂಚಿನ ಮೇಲಿನ ಗೋಡೆಯಲ್ಲಿ ಇಡಬೇಡಿ, ಎಣ್ಣೆ ಹಬೆ ಕನೆಕ್ಟರ್ ಒಳಗೆ ಅಂಟು ಹಿಡಿಸುತ್ತದೆ. ಕೌಂಟರ್ ಕಂಪ್ಯೂಟರಿನ ಯಾವ ಪೋರ್ಟಿಗೆ ಚುಚ್ಚಿದ್ದೀರೋ ಅದಕ್ಕೆ ಒಂದು ಗುರುತು ಅಂಟಿಸಿ. ಯಾರಾದರೂ ಕಿತ್ತು ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ‘ಕಾಪಿ 1’ ಅಂತ ಸೇರಿಸಬಹುದು. ಬೆಳಗಿನ ರಶ್ಶಿನಲ್ಲಿ ಆರ್ಡರೆಲ್ಲ ಹಳೇ ಹೆಸರಿಗೆ ಹೋಗಿ ಸಾಲುಗಟ್ಟಿರುತ್ತದೆ.

ಸಿಸಿಟಿವಿ ಡಿವಿಆರ್ ಅಟ್ಟದ ಮೇಲಿದೆ. ಟಿವಿ ಕೆಳಗಿದೆ. ಮೌಸ್ ಮಾತ್ರ ಕೆಳಗೆ ಬರಬೇಕು.

ಇದು ಎಲ್ಲಕ್ಕಿಂತ ಸುಲಭದ್ದು. ಮೌಸ್‌ಗೆ 10 ಮೀಟರ್ ಸಾದಾ ಕೇಬಲ್ ಸಾಮಾನ್ಯವಾಗಿ ಸಾಕಾಗುತ್ತದೆ. ವೈರ್‌ಲೆಸ್ ಮೌಸ್ ಇದ್ದರೆ ಅದರ ರಿಸೀವರನ್ನು ಎಕ್ಸ್‌ಟೆನ್ಷನ್ ತುದಿಗೆ ಹಾಕಿ ಕೆಳಗೆ ಇಳಿಬಿಡಿ. ಕೇಬಲನ್ನು 230 ವೋಲ್ಟಿನ ವೈರ್ ಹೋಗುವ ಪೈಪಿನಲ್ಲೇ ತೂರಿಸಬೇಡಿ.

ನಮ್ಮದು ಮಲೆನಾಡು. ಸಿಗ್ನಲ್ ಬರೋದು ಹಂಚಿನ ಮೇಲೆ ಮಾತ್ರ. 4ಜಿ ಡಾಂಗಲ್‌ನ ಕಂಬಕ್ಕೆ ಕಟ್ಟಿ ಯುಎಸ್‌ಬಿ ಕೆಳಗೆ ತರಬಹುದಾ?

2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳಿದ ಕಾಲದಿಂದ ಈ ಪ್ರಶ್ನೆ ನಿಂತೇ ಇಲ್ಲ. ಯೋಚನೆ ಸರಿಯಾಗಿದೆ. ಆಂಟೆನಾದ ಕೇಬಲ್ ಉದ್ದ ಮಾಡಿದರೆ ಸಿಗ್ನಲ್ ಅದರಲ್ಲೇ ಕರಗುತ್ತದೆ. ಅದಕ್ಕಿಂತ ಡಾಂಗಲನ್ನೇ ಮೇಲೆ ಏರಿಸುವುದು ಜಾಣತನ.

ಆದರೆ ಡಾಂಗಲ್‌ಗೆ ಪವರ್ ಹಸಿವು ಜಾಸ್ತಿ. ಸಿಗ್ನಲ್ ಕ್ಷೀಣ ಇದ್ದ ಕಡೆ ಇನ್ನೂ ಜೋರಾಗಿ ಕೂಗಬೇಕು, ಆಗ ಕರೆಂಟ್ ಎಳೆಯುವುದೂ ಹೆಚ್ಚು. ಸಾದಾ 10 ಮೀಟರ್ ಕೇಬಲ್‌ನಲ್ಲಿ ದೀಪ ಹತ್ತುತ್ತದೆ, ಡೌನ್‌ಲೋಡ್ ಶುರುವಾದ ಕೂಡಲೇ ಕಡಿದು ಹೋಗುತ್ತದೆ. ಆಕ್ಟಿವ್ ಕೇಬಲ್‌ಗೆ ಅಡಾಪ್ಟರ್ ಸೇರಿಸಿದರೆ ನಿಲ್ಲುತ್ತದೆ. ಅಗ್ಗದ ಆರ್‌ಜೆ45 ಡಬ್ಬಿ ಇಲ್ಲಿ ಬೇಡ, 12 ಮೆಗಾಬಿಟ್‌ಗೆ ಕಟ್ಟಿ ಹಾಕುತ್ತದೆ.

ನನ್ನ ಸಲಹೆ ಬೇರೆ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಸಿಮ್ ಹಾಕುವ ಸಣ್ಣ ರೂಟರ್ ತಗೊಂಡು ಅದನ್ನು ಸೂರಿನಡಿ ಎತ್ತರದಲ್ಲಿ ಕೂರಿಸಿ. ಕೆಳಗೆ ವೈಫೈ ಬಂದರೆ ಕೇಬಲ್ಲೇ ಬೇಡ. ಬರದಿದ್ದರೆ ಒಂದು ಕ್ಯಾಟ್5ಇ ಎಳೆಯಿರಿ. ಪ್ಯಾಸಿವ್ ಪಿಒಇ ಜೋಡಿ ಅಂತ ಅಗ್ಗಕ್ಕೆ ಸಿಗುತ್ತದೆ. ಅದನ್ನು ಹಾಕಿದರೆ ಡೇಟಾಗೆ ಬೇಡದ ನಾಲ್ಕು ತಂತಿಯಲ್ಲಿ ರೂಟರಿನ 12 ವೋಲ್ಟ್ ಅದೇ ಕೇಬಲ್‌ನಲ್ಲಿ ಮೇಲೆ ಹೋಗುತ್ತದೆ. ವೇಗ 100 ಮೆಗಾಬಿಟ್ಟಿಗೆ ನಿಲ್ಲುತ್ತದೆ, ನಮ್ಮ ಸಿಗ್ನಲ್‌ಗೆ ಅದು ಧಾರಾಳ. 20 ಮೀಟರಿಗೆ, 1 ಆಂಪಿಯರಿಗೆ, ಸುಮಾರು 1.7 ವೋಲ್ಟ್ ಇಳಿಯುತ್ತದೆ. 12ರಲ್ಲಿ ಅಷ್ಟು ಹೋದರೆ ಹೆಚ್ಚಿನ ರೂಟರ್‌ಗಳು ತಡೆದುಕೊಳ್ಳುತ್ತವೆ. 5ರಲ್ಲಿ ಅಷ್ಟು ಹೋದರೆ ಕಥೆ ಮುಗಿಯಿತು.

ಡಾಂಗಲ್ ಹೊರಗೇ ಇರಬೇಕು ಅಂದರೆ ಪಿವಿಸಿ ಪೈಪಿನ ತುಂಡಿನಲ್ಲಿಟ್ಟು ಮೇಲ್ತುದಿಗೆ ಮುಚ್ಚಳ ಹಾಕಿ, ಕೆಳತುದಿ ತೆರೆದಿಡಿ. ಕೇಬಲ್ ಒಳಗೆ ಹೋಗುವ ಮೊದಲು ಒಂದು ಕೊಕ್ಕೆಯಂತೆ ಕೆಳಗೆ ಬಾಗಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ತಗಡಿನ ಡಬ್ಬಿಯಲ್ಲಿ ಇಟ್ಟರೆ ಸಿಗ್ನಲ್ಲೂ ಹೊರಗೇ ಉಳಿಯುತ್ತದೆ.

ದೇವಸ್ಥಾನದ ಕಾರ್ಯಕ್ರಮ ಯೂಟ್ಯೂಬ್‌ನಲ್ಲಿ ಲೈವ್ ಕೊಡ್ತೀವಿ. ವೆಬ್‌ಕ್ಯಾಮ್, ಮೈಕ್ ಎರಡೂ ಲ್ಯಾಪ್‌ಟಾಪ್‌ನಿಂದ ದೂರ.

ವೆಬ್‌ಕ್ಯಾಮ್‌ನ ಚಿತ್ರ ಒಮ್ಮೆ ಕೆಟ್ಟರೆ ಕೆಟ್ಟಿತು. ಯುಎಸ್‌ಬಿಯಲ್ಲಿ ವಿಡಿಯೋ ಸಾಮಾನ್ಯವಾಗಿ ಹೋಗುವ ವಿಧಾನದಲ್ಲಿ ಮತ್ತೆ ಕಳಿಸು ಅಂತ ಕೇಳುವ ಪದ್ಧತಿ ಇಲ್ಲ. ಹಾಗಾಗಿ ಕೇಬಲ್ ಸ್ವಲ್ಪ ಸಡಿಲವಾದರೂ ಚಿತ್ರ ಹರಿದಂತೆ ಕಾಣುತ್ತದೆ. 10 ಮೀಟರ್‌ವರೆಗೆ ಒಳ್ಳೆಯ ಆಕ್ಟಿವ್ ಕೇಬಲ್ ಹಾಕಿ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಂಜೆಪೆಗ್ (ಕುಗ್ಗಿಸಿದ ವಿಡಿಯೋ) ಆಯ್ದುಕೊಳ್ಳಿ. ಕುಗ್ಗಿಸದ ವಿಡಿಯೋ 640×480ರಲ್ಲೇ ಸೆಕೆಂಡಿಗೆ 147 ಮೆಗಾಬಿಟ್ ತಿನ್ನುತ್ತದೆ. ಇನ್ನೂ ದೂರ ಅಂದರೆ ಹಳೇ ಮೊಬೈಲನ್ನು ಐಪಿ ಕ್ಯಾಮೆರಾ ಆಪ್ ಹಾಕಿ ವೈಫೈ ಮೇಲೆ ಬಳಸಿ.

ಮೈಕ್‌ಗಂತೂ ಯುಎಸ್‌ಬಿ ಉದ್ದ ಮಾಡಲೇಬೇಡಿ. ದೇವಸ್ಥಾನದ ಸೌಂಡ್‌ನವರ ಹತ್ತಿರ ಎಕ್ಸ್‌ಎಲ್‌ಆರ್ ಕೇಬಲ್ ಇದ್ದೇ ಇರುತ್ತದೆ. ಅದು 50 ಮೀಟರ್ ಹೋದರೂ ದೂರಿಲ್ಲ. ಯುಎಸ್‌ಬಿ ಸೌಂಡ್‌ಕಾರ್ಡ್ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಲಿ.

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬೇರೆ ರೂಮಲ್ಲಿಡಬೇಕು.

ರೂಟರಿನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಅಲ್ಲಿಗೆ ಚುಚ್ಚಿ, ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳಿ. ಬರೆಯುತ್ತಿರುವಾಗ ಕೇಬಲ್ ಕೈಕೊಟ್ಟರೆ ಮದುವೆ ಫೋಟೋ ಎಲ್ಲ ಹೋಗುತ್ತದೆ.

ವೈರ್‌ಲೆಸ್ ಮೌಸ್ ಒಂದಡಿ ದೂರದಲ್ಲೇ ತಡವರಿಸುತ್ತೆ. ಬ್ಯಾಟರಿ ಹೊಸದು. ಇದಕ್ಕೂ ಎಕ್ಸ್‌ಟೆನ್ಷನ್‌ಗೂ ಏನಾದ್ರೂ ಸಂಬಂಧ ಇದೆಯಾ?

ಇದೆ. ಯುಎಸ್‌ಬಿ 3.0 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಬರೆದಿದೆ. ಮೌಸ್‌ನ ರಿಸೀವರ್ ಕೂಡ ಅದೇ ಜಾಗದಲ್ಲಿ ಮಾತಾಡುತ್ತದೆ. ಒಂದು ಮೀಟರಿನ ಸಾದಾ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ತಂದು ರಿಸೀವರನ್ನು ಆ ಪೋರ್ಟಿನಿಂದ ದೂರ ಇಡಿ.

## ಇನ್ನೂ ದೂರ, ಇನ್ನೂ ಆಳ

ಕೇಬಲ್ಲೇ ಇಲ್ಲದೆ, ನೆಟ್‌ವರ್ಕ್ ಮೂಲಕ ಯುಎಸ್‌ಬಿ ಕಳಿಸಬಹುದು ಅಂತ ಕೇಳಿದೆ. ಫ್ರೀನಾ?

ಫ್ರೀ. ಲಿನಕ್ಸ್ ಕರ್ನಲ್‌ನಲ್ಲೇ ಯುಎಸ್‌ಬಿ-ಐಪಿ ಅನ್ನುವ ವ್ಯವಸ್ಥೆ ಇದೆ. ಸಾಧನದ ಪಕ್ಕ ಒಂದು ಹಳೇ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರೋ ಇಟ್ಟು, ಅದರಲ್ಲಿ ಸಾಧನವನ್ನು ‘ಬೈಂಡ್’ ಮಾಡಿ. ನಿಮ್ಮ ಕಂಪ್ಯೂಟರಿನಿಂದ ‘ಅಟ್ಯಾಚ್’ ಮಾಡಿದರೆ ನೇರ ಚುಚ್ಚಿದಂತೆಯೇ ಕಾಣುತ್ತದೆ. ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್ ಬಳಸಬಹುದು. ಸ್ಕ್ಯಾನರ್, ಸೀರಿಯಲ್ ಅಡಾಪ್ಟರ್, ಲೈಸೆನ್ಸ್ ಡಾಂಗಲ್‌ಗೆ ಚೆನ್ನಾಗಿದೆ. ವೈಫೈ ಮೇಲೆ ಕ್ಯಾಮೆರಾ ಓಡಿಸಲು ಹೋಗಬೇಡಿ. ಇದಕ್ಕೆ ಪಾಸ್‌ವರ್ಡ್ ಇಲ್ಲ, ಗೂಢಲಿಪಿಯೂ ಇಲ್ಲ. ಹಾಗಾಗಿ 3240 ಪೋರ್ಟನ್ನು ಇಂಟರ್‌ನೆಟ್‌ಗೆ ಎಂದೂ ತೆರೆಯಬೇಡಿ. ಬರೀ ಪ್ರಿಂಟರ್ ಆದರೆ ಇಷ್ಟೆಲ್ಲ ಬೇಡ, ಅದೇ ಪೈನಲ್ಲಿ ಕಪ್ಸ್ (CUPS) ಅನ್ನುವ ಪ್ರಿಂಟರ್ ಹಂಚುವ ಸಾಫ್ಟ್‌ವೇರ್ ಹಾಕಿದರೆ ಮನೆಯವರೆಲ್ಲ ಪ್ರಿಂಟ್ ಕೊಡಬಹುದು.

ತೋಟದ ಪಂಪ್‌ಹೌಸ್ 200 ಮೀಟರ್ ದೂರ. ಅಲ್ಲಿನ ಮೀಟರ್ ರೀಡಿಂಗ್ ಮನೆ ಕಂಪ್ಯೂಟರಿಗೆ ಬರಬೇಕು.

ಯುಎಸ್‌ಬಿಯನ್ನು ಮನೆಯಲ್ಲೇ ಬಿಡಿ. ಎನರ್ಜಿ ಮೀಟರ್, ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಹೆಚ್ಚಿನವಕ್ಕೆ ಆರ್‌ಎಸ್-485 ಕೊಂಡಿ ಇರುತ್ತದೆ, ಎ ಮತ್ತು ಬಿ ಅಂತ ಎರಡು ಸ್ಕ್ರೂ. ಅದು ಕಡಿಮೆ ವೇಗದಲ್ಲಿ 1200 ಮೀಟರ್ ಹೋಗುವ ಹಾಗೆಯೇ ಮಾಡಿದ್ದು. ಕ್ಯಾಟ್5ಇಯ ಒಂದು ಜೋಡಿಯನ್ನು ಎ-ಬಿಗೆ, ಇನ್ನೊಂದು ತಂತಿಯನ್ನು ಗ್ರೌಂಡಿಗೆ ಹಾಕಿ, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಕೊಡಿ. ಮನೆಯಲ್ಲಿ ಯುಎಸ್‌ಬಿ-485 ಅಡಾಪ್ಟರ್ ಸಾಕು. 9600 ವೇಗದಲ್ಲಿಡಿ. ಏನೂ ಉತ್ತರ ಬರದಿದ್ದರೆ ಮೊದಲು ಎ-ಬಿ ಅದಲುಬದಲು ಮಾಡಿ ನೋಡಿ, ಹೆಸರಿಡುವುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ.

ಗುಡುಗು-ಸಿಡಿಲಿಗೆ ಏನು ಮಾಡೋದು?

ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕಟ್ಟಿತು ಅಂದರೆ ಎರಡೂ ತುದಿ ಕಿತ್ತಿಡಿ. ಅದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಸಿಡಿಲು ನೇರ ಬೀಳಬೇಕೆಂದೇನಿಲ್ಲ, ಹತ್ತಿರದ ತೆಂಗಿಗೆ ಬಿದ್ದರೂ ಉದ್ದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಈಥರ್‌ನೆಟ್ ಪೋರ್ಟಿನಲ್ಲಿ 1500 ವೋಲ್ಟ್ ತಡೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಎಸ್‌ಬಿಯಲ್ಲಿ ಅಂಥದ್ದೇನೂ ಇಲ್ಲ, ತಂತಿ ನೇರ ಮದರ್‌ಬೋರ್ಡಿಗೇ ಹೋಗುತ್ತದೆ. ಎರಡು ಕಟ್ಟಡಗಳ ನಡುವೆ ಯುಎಸ್‌ಬಿ ಎಳೆಯಬೇಡಿ ಅನ್ನುವುದೂ ಇದಕ್ಕೇ. ಎರಡೂ ಕಡೆಯ ಅರ್ಥಿಂಗ್ ಬೇರೆ ಇದ್ದರೆ ಮಳೆ ಇಲ್ಲದ ದಿನವೂ ಗ್ರೌಂಡ್ ತಂತಿಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಎಡಿಯುಎಂ4160 ಚಿಪ್‌ನ ಐಸೊಲೇಟರ್ ಬೋರ್ಡ್ (ತಂತಿಯ ನೇರ ಸಂಪರ್ಕ ಕಡಿದು ಡೇಟಾ ಮಾತ್ರ ದಾಟಿಸುವಂಥದ್ದು) ಈ ಅರ್ಥಿಂಗ್ ಸಮಸ್ಯೆಗೆ ಮದ್ದು, ಆದರೆ 12 ಮೆಗಾಬಿಟ್‌ವರೆಗೆ ಮಾತ್ರ. ಸಿಡಿಲಿಗೆ ಅದನ್ನು ನಂಬಬೇಡಿ.

‘ಡಿವೈಸ್ ನಾಟ್ ರೆಕಗ್ನೈಸ್ಡ್’ ಅಂತ ಬರುತ್ತೆ, ಒಮ್ಮೊಮ್ಮೆ ಸರಿ ಇರುತ್ತೆ. ಕೇಬಲ್ ತಪ್ಪಾ, ಪವರ್ ತಪ್ಪಾ, ಹೇಗೆ ಗೊತ್ತಾಗೋದು?

ಸಾಧನವನ್ನು ಕೇಬಲ್ ಇಲ್ಲದೆ ನೇರ ಚುಚ್ಚಿ ನೋಡಿ. ಅಲ್ಲೂ ತಕರಾರು ಮಾಡಿದರೆ ಕೇಬಲ್ ನಿರಪರಾಧಿ. ನೇರ ಸರಿ ಇದ್ದರೆ ಆ ತುದಿಯಲ್ಲಿ ಅಡಾಪ್ಟರ್ ಇರುವ ಹಬ್ ಸೇರಿಸಿ. ವಾಸಿಯಾದರೆ ಹೆಚ್ಚಾಗಿ ಪವರ್ ಸಮಸ್ಯೆ. ಖಚಿತ ಮಾಡಿಕೊಳ್ಳಲು ಹಬ್‌ನ ಅಡಾಪ್ಟರ್ ಕಿತ್ತು ನೋಡಿ, ಮತ್ತೆ ಕೆಟ್ಟರೆ ಅದೇ. ಅಡಾಪ್ಟರ್ ಇದ್ದರೂ ವಾಸಿಯಾಗದಿದ್ದರೆ ಸಿಗ್ನಲ್ ಸಮಸ್ಯೆ. ಕೇಬಲ್ ಗಿಡ್ಡ ಮಾಡಿ ಇಲ್ಲವೇ ಆಕ್ಟಿವ್‌ಗೆ ಹೋಗಿ. ಲಿನಕ್ಸ್‌ನಲ್ಲಿ ಲಾಗ್ ನೋಡುವವರಿಗೆ: ‘ಎರರ್ -71’ ಅಂದರೆ ಮಾತು ಕಲಸಿ ಬಂತು, ‘ಎರರ್ -110’ ಅಂದರೆ ಉತ್ತರವೇ ಬರಲಿಲ್ಲ. ಉದ್ದ ಕೇಬಲ್‌ನಲ್ಲಿ -71 ಕಂಡರೆ ನಾನು ಮೊದಲು ಅನುಮಾನಿಸುವುದು ಜೋಡಣೆಗಳನ್ನು. ಕನೆಕ್ಟರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಲಾಗ್ ನೋಡಿ. ಅಲ್ಲಾಡಿಸಿದಾಗಲೆಲ್ಲ ಹೊಸ ಸಾಲು ಬಂದರೆ ಆ ಹೆಣ್ಣು ತುದಿಯನ್ನು ಕತ್ತರಿಸಿ ಹೊಸದು ಬೆಸೆಯಿರಿ.